ಸಭೆಯಲ್ಲಿ ಎಲ್ಲರೂ "ಚೆನ್ನಾಗಿದ್ದೀವಿ" ಅನ್ನೋರೇ: ನಿಜ ಹೇಳೋದನ್ನ ಎಲ್ಲಿಂದ ಶುರು ಮಾಡೋದು?

ತೀರ್ಥಹಳ್ಳಿ_ಯುವಕೂಟ:

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು.

ತೀರ್ಥಹಳ್ಳಿ ಕಡೆಯ ಸಣ್ಣ ಕ್ರೈಸ್ತ ಸಭೆ, ಇಪ್ಪತ್ತರ ಆಸುಪಾಸು ಕುಟುಂಬಗಳು. ಭಾನುವಾರ ಆರಾಧನೆ, ಬುಧವಾರ ಸರದಿ ಪ್ರಕಾರ ಮನೆ ಪ್ರಾರ್ಥನೆ. ಕೆಲವರಿಗೆ ಸ್ವಂತ ಅಡಿಕೆ ತೋಟ ಇದೆ. ಹೆಚ್ಚಿನವರು ಕೊನೆ ಕೊಯ್ಲು, ಸುಲಿಯೋ ಕೆಲಸ, ಗಾರೆ ಕೆಲಸಕ್ಕೆ ಹೋಗೋರು.

ಮೂರು ವಿಷಯಕ್ಕೆ ಸಲಹೆ ಬೇಕು.

ಒಂದು, ಸಾಕ್ಷಿ ಹೇಳೋ, ಅಂದರೆ ದೇವರು ತಮಗೆ ಮಾಡಿದ್ದನ್ನ ಎಲ್ಲರ ಮುಂದೆ ಹೇಳೋ ಸಮಯದಲ್ಲಿ ಬರೀ ಜಯದ ಮಾತು. ಕುಡಿತ ಬಿಟ್ಟೆ, ಕಾಯಿಲೆ ವಾಸಿಯಾಯ್ತು, ಸಾಲ ತೀರಿತು. ಇನ್ನೂ ಕಷ್ಟದಲ್ಲಿರೋರು ಬಾಯಿ ಬಿಡಲ್ಲ, ವಿಶ್ವಾಸ ಕಮ್ಮಿ ಅಂದುಕೊಳ್ತಾರೆ ಅನ್ನೋ ಭಯ.

ಎರಡು, ಸುಗ್ಗಿ ಹಬ್ಬದಲ್ಲಿ ಕಾಣಿಕೆಯಾಗಿ ಬಂದ ವಸ್ತುಗಳ ಹರಾಜು. ಎಲ್ಲರ ಮುಂದೆ ದೊಡ್ಡ ಮೊತ್ತ ಕೂಗ್ತಾರೆ, ದುಡ್ಡು ಕಟ್ಟಲ್ಲ. ಹೋದ ವರ್ಷದ ಬಾಕಿ ಪಟ್ಟಿ ಇನ್ನೂ ಹಾಗೇ ಇದೆ. ಕೇಳಿದರೆ ಮನಸ್ತಾಪ, ಕೇಳದಿದ್ದರೆ ಸುಳ್ಳು ಲೆಕ್ಕ.

ಮೂರು, ಒಬ್ಬರು ಧೈರ್ಯ ಮಾಡಿ ಬುಧವಾರದ ಪ್ರಾರ್ಥನೆಯಲ್ಲಿ ಸಂಘದ ಸಾಲದ ಕಂತು ಕಟ್ಟೋಕಾಗ್ತಿಲ್ಲ ಅಂತ ಹೇಳಿಕೊಂಡರು. ಪ್ರಾರ್ಥನಾ ವಿನಂತಿ ಅಂತ ವಾಟ್ಸಾಪ್ ಗುಂಪಿಗೆ ಹೋಯ್ತು, ಅಲ್ಲಿಂದ ಪೇಟೆಗೆ. ಈಗ ಆ ಕುಟುಂಬ ಆರಾಧನೆಗೇ ಬರ್ತಿಲ್ಲ.

"ಒಬ್ಬರಿಗೊಬ್ಬರು ಅರಿಕೆ ಮಾಡಿ" (ಪಾಪ ಒಪ್ಪಿಕೊಂಡು ಹೇಳಿ) ಅಂತ ಬೈಬಲಿನ ಯಾಕೋಬನ ಪತ್ರಿಕೆ 5:16ರಲ್ಲಿ ಇದೆ. ಆದರೆ ಯಾರಿಗೆ, ಎಷ್ಟು, ಹೇಗೆ? ಹೇಳದೆ ಇದ್ದರೆ ಕಪಟವಾಗುತ್ತಾ? ದಯವಿಟ್ಟು ಮಾಡಿ ನೋಡೋಕೆ ಆಗುವಂಥದ್ದನ್ನೇ ಹೇಳಿ.


ಮಂಡಗದ್ದೆ_ಹಿರಿಯ:

ತಮ್ಮಾ, ಮೂರಕ್ಕೂ ಬೇರು ಒಂದೇ ಕಡೆ ಇದೆ. ಹರಾಜಿನ ವಿಷಯ ಲೆಕ್ಕ ಬಲ್ಲವರು ಹೇಳಲಿ, ಉಳಿದದ್ದನ್ನು ನಾನು ಬರೆಯುತ್ತೇನೆ.

ಮತ್ತಾಯ 6ನೇ ಅಧ್ಯಾಯ ತೆಗೆದು ನೋಡು. ಗುಟ್ಟಾಗಿಡಿ ಅಂತ ಯೇಸು ಹೇಳಿದ್ದು ದಾನ, ಪ್ರಾರ್ಥನೆ, ಉಪವಾಸ ಈ ಮೂರನ್ನು. ಮೂರೂ ಒಳ್ಳೆಯ ಕೆಲಸಗಳೇ. ಉಪವಾಸ ಮಾಡುವವನು ತಲೆಗೆ ಎಣ್ಣೆ ಹಚ್ಚಿ, ಮುಖ ತೊಳೆದುಕೊಂಡು ಓಡಾಡಬೇಕು, ಊರಿಗೆ ಗೊತ್ತಾಗಬಾರದು. ಪಾಪದ ಮಾತು ಬಂದಾಗ ಜ್ಞಾನೋಕ್ತಿ 28:13, ಯಾಕೋಬ 5:16, 1 ಯೋಹಾನ 1:9 ಎಲ್ಲ ಕಡೆಯೂ ಅರಿಕೆ ಮಾಡು ಅಂತಲೇ ಇದೆ. ಅಂದರೆ ಮರೆಯಲ್ಲಿಡಬೇಕಾದದ್ದು ಪುಣ್ಯ, ಹೊರಗೆ ತರಬೇಕಾದದ್ದು ಪಾಪ. ನಮ್ಮ ಸಭೆಗಳಲ್ಲಿ ಇದು ಪೂರ್ತಿ ತಲೆಕೆಳಗಾಗಿದೆ. ಎಷ್ಟು ದಿನ ಉಪವಾಸ ಅಂತ ಮೈಕಿನಲ್ಲಿ ಕೇಳಿಬರುತ್ತದೆ. ಕೂಲಿಯವರಿಗೆ ತೂಕದಲ್ಲಿ ಮಾಡಿದ ಮೋಸ ಯಾರ ಕಿವಿಗೂ ಬೀಳುವುದಿಲ್ಲ.

ಆದ್ದರಿಂದ ಹೇಳದೆ ಇರುವುದೆಲ್ಲ ಕಪಟವಲ್ಲ. ಮೂರು ಬಗೆ ಮಾಡಿಕೋ. ಕಾಯಿಲೆ, ಮಗಳ ಮದುವೆ ಮುರಿದದ್ದು, ಮಳೆಗಾಲದಲ್ಲಿ ಕೆಲಸವಿಲ್ಲದೆ ಬಿದ್ದ ಸಾಲ, ಇವೆಲ್ಲ ಕಷ್ಟ. ಇದನ್ನು ಅರಿಕೆ ಮಾಡಬೇಕಾದ ಹಂಗು ಯಾರಿಗೂ ಇಲ್ಲ. ಹೇಳಿಕೊಂಡರೆ ಸಹಾಯಕ್ಕೆ, ಅಷ್ಟೇ. ಗಂಡ ಹೆಂಡತಿಯ ಒಳಮಾತು, ಬೇರೆಯವರು ನಂಬಿ ಹೇಳಿದ ಮಾತು, ಇವು ಮನೆಯ ವಿಷಯ. ಹೇಳಬಾರದು. ಮೂರನೆಯದು ಪಾಪ. ಇದನ್ನು ದೇವರಿಗೂ, ಯಾರಿಗೆ ತಪ್ಪು ಮಾಡಿದ್ದೇವೋ ಅವರಿಗೂ ಹೇಳಲೇಬೇಕು. ನಿಮ್ಮ ಸಭೆಯಲ್ಲಿ ಸಾಲದ ಮಾತು ಆಡಿದವರು ಕಷ್ಟ ಹೇಳಿಕೊಂಡರು, ಕೇಳಿದವರು ಅದನ್ನು ಪಾಪದ ಹಾಗೆ ಹಂಚಿದರು. ಅವರಿಗೆ ನೋವಾದದ್ದು ಅದಕ್ಕೇ.

ಎಷ್ಟು ಜನರ ಮುಂದೆ ಅನ್ನುವುದಕ್ಕೆ ಹಳೆಯ ಅಳತೆ ಒಂದಿದೆ: ತಪ್ಪು ಎಷ್ಟು ಜನರನ್ನು ಮುಟ್ಟಿತೋ ಅರಿಕೆಯೂ ಅಷ್ಟೇ ಜನರಿಗೆ. ಮನಸ್ಸಿನಲ್ಲೇ ಆದದ್ದು ದೇವರ ಮುಂದೆ. ಒಬ್ಬರಿಗೆ ಮಾಡಿದ್ದು ಆ ಒಬ್ಬರ ಮುಂದೆ, ಮತ್ತಾಯ 18:15ರ ಹಾಗೆ. ಎಲ್ಲರ ಮುಂದೆ ಆದದ್ದು ಎಲ್ಲರ ಮುಂದೆ. ಯೇಸುವಿನ ಶಿಷ್ಯ ಪೇತ್ರನು ಅಂತಿಯೋಕ್ಯದಲ್ಲಿ ಅನ್ಯಜನರ, ಅಂದರೆ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಊಟ ಮಾಡುತ್ತಿದ್ದವನು, ಯೆರೂಸಲೇಮಿನ ಕಡೆಯವರು ಬಂದ ಕೂಡಲೇ ಎದ್ದುಹೋದ. ಪೌಲ ಅವನನ್ನು ಎಲ್ಲರೆದುರೇ ಕೇಳಿದ್ದು ಗಲಾತ್ಯ 2:11ರಿಂದ 14ರ ವರೆಗೆ ಇದೆ. ಪೇತ್ರನನ್ನು ನೋಡಿ ಉಳಿದವರೂ, ಬಾರ್ನಬನೂ ಕೂಡ ಹಾಗೇ ಮಾಡಿದ್ದರಿಂದ ಅದು ಇಬ್ಬರ ನಡುವಿನ ವಿಷಯವಾಗಿ ಉಳಿದಿರಲಿಲ್ಲ. ನೆಂಟರು ಬಂದಾಗ ಸಭೆಯವರ ಜೊತೆ ಪಂಕ್ತಿಯಲ್ಲಿ ಕೂರಲು ಹಿಂಜರಿಯುವ ಮನೆಗಳು ನಮ್ಮ ಮಲೆನಾಡಿನಲ್ಲೂ ಇವೆ. ಆ ವಾಕ್ಯವನ್ನು ಅಂಥ ಕಡೆ ಓದಬೇಕು.

ಒಂದು ಎಚ್ಚರಿಕೆ. "ನಿಮ್ಮ ಮೇಲೆ ಐದು ವರ್ಷದಿಂದ ಹೊಟ್ಟೆಕಿಚ್ಚಿತ್ತು, ಕ್ಷಮಿಸಿ" ಅಂತ ಏನೂ ಅರಿಯದವರ ಬಳಿ ಹೋಗಿ ಹೇಳಬೇಡಿ. ಹೇಳಿದವರ ಮನಸ್ಸು ಹಗುರ, ಕೇಳಿದವರಿಗೆ ಆ ರಾತ್ರಿ ನಿದ್ದೆಯಿಲ್ಲ.

ಸಾಕ್ಷಿಯ ವಿಷಯಕ್ಕೆ: ಬುಧವಾರ ಕೀರ್ತನೆ 13 ಓದಿಸಿ. ಆರೇ ವಚನ. ಮೊದಲೆರಡು "ಎಷ್ಟರವರೆಗೆ" ಅನ್ನುವ ದೂರು, ಮುಂದಿನೆರಡು ಬೇಡಿಕೆ, ಕೊನೆಯೆರಡು ಭರವಸೆ. ಪ್ರಾರ್ಥಿಸುವವರು ಅದೇ ಮೂರು ಮೆಟ್ಟಿಲಲ್ಲಿ ಪ್ರಾರ್ಥಿಸಲಿ. ದೂರು ಹೇಳುವುದು ಅವಿಶ್ವಾಸವಲ್ಲ ಅಂತ ಜನರಿಗೆ ಬಾಯಿಮಾತಿನಲ್ಲಿ ಹೇಳಿದರೆ ನಾಟುವುದಿಲ್ಲ, ದಾವೀದನ ಬಾಯಲ್ಲೇ ಕೇಳಬೇಕು. ಕೀರ್ತನೆ 88ಕ್ಕೆ ಭರವಸೆಯ ಕೊನೆಯೂ ಇಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಅದೂ ಆರಾಧನೆಗಾಗಿ ಬರೆದ ಹಾಡೇ. ಸಾಕ್ಷಿಗೆ ಎದ್ದವರಿಗೆ ಮೂರು ನಿಮಿಷ ಕೊಟ್ಟು, "ಉತ್ತರ ಸಿಕ್ಕ ಪ್ರಾರ್ಥನೆ ಒಂದು, ಇನ್ನೂ ಕಾಯುತ್ತಿರುವುದು ಒಂದು" ಅಂತ ಕೇಳಿ. ಮೊದಲು ಹಿರಿಯರೇ ಹಾಗೆ ಮಾತಾಡಬೇಕು. ಬಡವರನ್ನು ಮೊದಲು ಎಬ್ಬಿಸಿದರೆ ಅದು ಪರೀಕ್ಷೆಯಾಗುತ್ತದೆ.


ಲೆಕ್ಕದ_ಪುಸ್ತಕ:

ಹರಾಜಿನ ಬಗ್ಗೆ ನಾನು ಬರೀತೀನಿ. ಇದು ಬರೀ ವಸೂಲಿಯ ತೊಂದರೆ ಅಲ್ಲ, ಹರಾಜು ನಡೆಸೋ ರೀತಿಯೇ ಜನರನ್ನು ಸುಳ್ಳಿಗೆ ತಳ್ಳುತ್ತೆ.

ಹೇಗೆ ನಡೆಯುತ್ತೆ ನೋಡಿ. ಆರಾಧನೆ ಮುಗಿದ ಮೇಲೆ ಬಾಳೆಗೊನೆ, ಹಲಸಿನಕಾಯಿ, ನಾಟಿ ಕೋಳಿ, ಜೇನಿನ ಬಾಟಲಿ ಎಲ್ಲ ಮೇಜಿನ ಮೇಲೆ. ಕೂಗುವವರು ಮೈಕಿನಲ್ಲಿ ಮನೆ ಹೆಸರು ಹಿಡಿದೇ ಕೂಗ್ತಾರೆ. ಪಕ್ಕದ ಮನೆಯವರು ಒಂದು ಸಾವಿರ ಅಂದಾಗ ಸುಮ್ಮನಿರೋದು ಅವಮಾನ ಅನ್ನಿಸುತ್ತೆ. ಒಂದು ಸಲ, ಎರಡು ಸಲ, ಮೂರು ಸಲ ಅನ್ನೋದರೊಳಗೆ ಕೈಯಲ್ಲಿಲ್ಲದ ಎರಡು ಸಾವಿರ ಬಾಯಿಗೆ ಬಂದಿರುತ್ತೆ. ಚಪ್ಪಾಳೆ ಅಲ್ಲೇ ಸಿಗುತ್ತೆ, ದುಡ್ಡು ಆಮೇಲೆ.

ಅಪೊಸ್ತಲರ ಕೃತ್ಯಗಳು 5ರಲ್ಲಿ ಅನನೀಯ, ಸಪ್ಫೈರ ಅನ್ನೋ ಗಂಡ ಹೆಂಡತಿ ಮಾಡಿದ ತಪ್ಪು ಇದೇ ಜಾತಿಯದು. 4ನೇ ವಚನದಲ್ಲಿ ಪೇತ್ರ ಬಿಡಿಸಿ ಹೇಳ್ತಾನೆ: ಹೊಲ ಮಾರೋ ಮುಂಚೆ ನಿನ್ನದೇ, ಮಾರಿದ ಮೇಲೂ ಹಣ ನಿನ್ನ ಕೈಯಲ್ಲೇ ಇತ್ತು. ಒಂದು ಪಾಲು ಇಟ್ಟುಕೊಂಡಿದ್ದರೆ ಯಾರೂ ಕೇಳ್ತಿರಲಿಲ್ಲ. ಒಂದು ಪಾಲು ಕೊಟ್ಟು ಪೂರ್ತಿ ಕೊಟ್ಟವರ ಹೆಸರು ಬೇಕು ಅಂದದ್ದು ಪಾಪ. ಅದಕ್ಕೆ ಸ್ವಲ್ಪ ಮೇಲೆ, ನಾಲ್ಕನೇ ಅಧ್ಯಾಯದ ಕೊನೆಯಲ್ಲಿ, ಬಾರ್ನಬ ಹೊಲ ಮಾರಿ ಪೂರ್ತಿ ಕೊಟ್ಟ ಸುದ್ದಿ ಇದೆ. ಎರಡನ್ನೂ ಒಟ್ಟಿಗೆ ಓದಬೇಕು.

ಹಳೆ ಬಾಕಿಗೆ ದಾರಿ: ಯಾಜಕಕಾಂಡ 27:8. ಹರಕೆ ಹೊತ್ತವನು ಬಡವನಾಗಿ ಅಷ್ಟು ಕೊಡಲಾಗದಿದ್ದರೆ ಯಾಜಕನು ಅವನ ಶಕ್ತಿ ನೋಡಿ ಮೊತ್ತ ನಿರ್ಣಯಿಸಬೇಕು ಅಂತ ಧರ್ಮಶಾಸ್ತ್ರದಲ್ಲೇ ಇದೆ. ಹಾಗಾಗಿ ಆರಾಧನೆಯಲ್ಲಿ ಒಂದೇ ಪ್ರಕಟಣೆ ಮಾಡಿ: ಬಾಕಿ ಇರೋರು ಈ ತಿಂಗಳೊಳಗೆ ಇಬ್ಬರು ಹಿರಿಯರಲ್ಲಿ ಯಾರ ಹತ್ತಿರವಾದರೂ ಬಂದು "ಇಷ್ಟು ಕೊಡಬಲ್ಲೆ" ಅಥವಾ "ಆಗೋದಿಲ್ಲ" ಅಂತ ಹೇಳಬಹುದು. ಆಗೋದಿಲ್ಲ ಅಂದವರ ಮೊತ್ತವನ್ನು ಸಮಿತಿ ನಡವಳಿ ಪುಸ್ತಕದಲ್ಲಿ ಮನ್ನಾ ಅಂತ ಬರೆದು ಮುಗಿಸಿ. ಹೆಸರು ಓದಬೇಡಿ. ಪಟ್ಟಿಯನ್ನು ಗೋಡೆಗೆ ಹಚ್ಚಲೇಬೇಡಿ. ಮನ್ನಾ ಆದದ್ದನ್ನು ವರ್ಷದ ಲೆಕ್ಕದಲ್ಲಿ ಬರಬೇಕಾದ ಹಣ ಅಂತ ತೋರಿಸಬೇಡಿ, ಅಲ್ಲಿಗೆ ಸಭೆಯ ಸುಳ್ಳೂ ನಿಲ್ಲುತ್ತೆ.

ಮುಂದಿನ ವರ್ಷಕ್ಕೆ ಹರಾಜು ಬೇಕೇ ಬೇಕು ಅಂದರೆ ಕೈಯಲ್ಲಿದ್ದ ನಗದು ಇಲ್ಲಾ ಅಲ್ಲೇ ಫೋನಿನಲ್ಲಿ ಕಳಿಸೋ ಹಣ, ಎರಡೇ. ವಸ್ತು ಕೈಗೆ ಹೋಗೋ ಮುಂಚೆ ರಸೀದಿ. ಮನೆ ಹೆಸರು ಕೂಗೋದು ಬೇಡ, ಚೀಟಿ ನಂಬರ್ ಕೊಟ್ಟು ಅದನ್ನೇ ಕೂಗಿ. ಮೊತ್ತ ಕಮ್ಮಿಯಾಗುತ್ತೆ. ಆಗಲಿ. ಈಗ ಕೂಗಿ ಬಾರದೇ ಇರೋ ದುಡ್ಡು ಹೇಗೂ ಇಲ್ಲದ ದುಡ್ಡೇ.

ಹಬ್ಬ ಇಡೋ ಕಾಲವೂ ಮುಖ್ಯ. ಅಡಿಕೆ ಕೊಯ್ಲು ಸುಮಾರಾಗಿ ನವೆಂಬರಿನಿಂದ ಫೆಬ್ರವರಿವರೆಗೆ. ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕಿ ದುಡ್ಡು ಕೈಗೆ ಬರೋ ಮುಂಚೆ ಹಬ್ಬ ಇಟ್ಟರೆ ತೋಟದವರೂ ಕಡ ಕೂಗ್ತಾರೆ. ಅದಕ್ಕಿಂತ ಗಂಭೀರವಾದ ಮಾತು, ಕೊಯ್ದವರ, ಸುಲಿದವರ ಕೂಲಿ ಬಾಕಿ ಇಟ್ಟುಕೊಂಡು ಹರಾಜಿನಲ್ಲಿ ಕೂಗಬಾರದು. ಯಾಕೋಬ 5:4ರಲ್ಲಿ ಹಿಡಿದುಕೊಂಡ ಕೂಲಿಯೇ ಕೂಗುತ್ತೆ. ಸುಲಿದ ಅಡಿಕೆಯ ತೂಕದಲ್ಲಿ ಕೈಚಳಕ ಮಾಡಿದ್ದಿದ್ದರೆ ಕಾಣಿಕೆ ಹಾಕಿ ಸಮ ಮಾಡೋಕಾಗಲ್ಲ. ಅರಣ್ಯಕಾಂಡ 5:7ರ ಪ್ರಕಾರ ಅರಿಕೆ ಮಾಡಿ, ಪೂರ್ತಿ ಮೊತ್ತ, ಅದರ ಮೇಲೆ ಐದನೇ ಒಂದು ಪಾಲು ಸೇರಿಸಿ, ಕಳಕೊಂಡವರ ಕೈಗೇ ಕೊಡಬೇಕು. ಸಾವಿರ ಹಿಡಿದಿದ್ದರೆ ಸಾವಿರದ ಇನ್ನೂರು.

ಕಾಣಿಕೆ ಎಣಿಸೋವಾಗ ಯಾವಾಗಲೂ ಇಬ್ಬರು ಇರಲಿ, ಒಂದೇ ಮನೆಯವರು ಬೇಡ. ತಿಂಗಳ ಒಟ್ಟು ಮೊತ್ತ ಬೋರ್ಡಿನಲ್ಲಿ, ಯಾರು ಎಷ್ಟು ಕೊಟ್ಟರು ಅನ್ನೋದು ಪುಸ್ತಕದಲ್ಲಿ ಮಾತ್ರ. ಪೌಲ 2 ಕೊರಿಂಥ 8:21ರಲ್ಲಿ ಮನುಷ್ಯರ ಮುಂದೆಯೂ ಸರಿಯಾಗಿ ಕಾಣುವಂತೆ ನೋಡಿಕೊಳ್ತೀವಿ ಅಂತ ಹೇಳ್ತಾನೆ. ಲೆಕ್ಕ ಜನರಿಗೆ ಕಾಣಬೇಕು, ಕೊಟ್ಟವರ ಹೆಸರು ಕಾಣಬಾರದು.


ಧರ್ಮೋಪದೇಶ_ಸಾಗರ:

ನಾನು ಕಥೋಲಿಕ ಕಡೆಯಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ "ಯಾರಿಗೆ ಹೇಳಬೇಕು" ಅನ್ನುವುದಕ್ಕೆ ಪಾಪನಿವೇದನೆಯ ಸಂಸ್ಕಾರವೇ, ಅಂದರೆ ಗುರುಗಳ ಬಳಿ ಗುಟ್ಟಾಗಿ ಪಾಪ ಹೇಳಿಕೊಳ್ಳುವ ವಿಧಿಯೇ ಉತ್ತರ. ಆದರೆ ಅಲ್ಲೂ ಮರ್ಯಾದೆ ಕಾಪಾಡಿಕೊಳ್ಳುವ ಆಟ ನಡೆಯುತ್ತದೆ. ಬೇರೆ ಸಭೆಯವರಿಗೂ ಉಪಯೋಗವಾಗಬಹುದೆಂದು ವಿವರವಾಗಿ ಹೇಳುತ್ತೇನೆ.

1983ರ ಧರ್ಮಸಭೆಯ ಕಾನೂನು ಸಂಹಿತೆಯ 988ನೇ ವಿಧಿ, ಗಂಭೀರ ಪಾಪಗಳನ್ನು ಬಗೆ ಮತ್ತು ಸಂಖ್ಯೆ ಸಮೇತ ಹೇಳಬೇಕು ಅನ್ನುತ್ತದೆ. "ತಪ್ಪು ಮಾಡಿದ್ದೇನೆ ಫಾದರ್, ದೇವರು ಕ್ಷಮಿಸಲಿ" ಅಂದರೆ ಏನನ್ನೂ ಹೇಳಿದಂತಾಗಲಿಲ್ಲ. "ಸುಳ್ಳು ಹೇಳಿದೆ" ಅನ್ನುವುದಕ್ಕೂ "ಆಸ್ತಿ ಪಾಲಿನಲ್ಲಿ ತಂಗಿಗೆ ಮೋಸ ಆಗುವ ಹಾಗೆ ಸುಳ್ಳು ಹೇಳಿದೆ" ಅನ್ನುವುದಕ್ಕೂ ತುಂಬಾ ದೂರ. ಬಗೆ, ಎಷ್ಟು ಸಲ ಅಥವಾ ಎಷ್ಟು ಕಾಲದಿಂದ, ಯಾರಿಗೆ ನಷ್ಟವಾಯಿತು, ಇಷ್ಟು ಸಾಕು. ಇನ್ನೊಬ್ಬರ ಹೆಸರು ಬೇಡ, ಕಥೆ ಬೇಡ.

ತಯಾರಿಗೆ ಹದಿನೈದು ನಿಮಿಷ ಸಾಕು. ಹತ್ತು ಆಜ್ಞೆಗಳನ್ನು ಒಂದೊಂದಾಗಿ ಹಿಡಿದು ಹಿಂದಿನ ನಿವೇದನೆಯಿಂದ ಈಚೆಗೆ ನೋಡಿಕೊಳ್ಳಿ. ಮರೆಯುವವರು ಚೀಟಿ ಬರೆದುಕೊಂಡು ಆಮೇಲೆ ಹರಿದುಹಾಕಿ. ಒಳಗೆ ಹೋದಾಗ ಕೊನೆಯ ಸಲ ಯಾವಾಗ ಬಂದದ್ದು ಅಂತ ಮೊದಲು ಹೇಳಿ, ಹೇಳಲು ನಾಚಿಕೆಯಾಗುವುದನ್ನು ಮೊದಲನೆಯದಾಗಿ ಹೇಳಿ. ಕೊನೆಗೆ ಹೇಳೋಣ ಅಂದುಕೊಂಡದ್ದು ಕೊನೆಗೂ ಬರುವುದಿಲ್ಲ. ಕೊಟ್ಟ ಪ್ರಾಯಶ್ಚಿತ್ತವನ್ನು ಅಂದೇ ಮಾಡಿ ಮುಗಿಸಿ.

ಸಾಮಾನ್ಯವಾಗಿ ಕೆಡುವುದು ಮೂರು ಕಡೆ. ಸೊಸೆಯ ಪಾಪ, ಅತ್ತೆಯ ಪಾಪ, ಗಂಡನ ಪಾಪ ಹೇಳಿ ತನ್ನದನ್ನು ಬಿಡುವುದು. ಕ್ರಿಸ್ಮಸ್, ಈಸ್ಟರ್ ಹಿಂದಿನ ಸಂಜೆ ಉದ್ದ ಸಾಲಿನಲ್ಲಿ ಅವಸರವಾಗಿ ಎರಡು ಮಾತು ಹೇಳಿ ಬರುವುದು. ಮತ್ತೆ, ನಮ್ಮ ಫಾದರಿಗೆ ದನಿ ಗೊತ್ತಾಗುತ್ತದೆಂದು ದೊಡ್ಡದನ್ನು ನುಂಗುವುದು. ಕೊನೆಯದಕ್ಕೆ ಪರಿಹಾರ ಸುಲಭ. ನಿಮ್ಮ ಧರ್ಮಕೇಂದ್ರದಲ್ಲೇ ಆಗಬೇಕೆಂದಿಲ್ಲ. ನಿವೇದನೆ ಕೇಳುವ ಅಧಿಕಾರವಿರುವ ಯಾವ ಗುರುಗಳ ಬಳಿಗೂ ಹೋಗಬಹುದು. ಶಿವಮೊಗ್ಗದಲ್ಲಿ ಬಿ.ಎಚ್. ರಸ್ತೆಯ ಸೇಕ್ರೆಡ್ ಹಾರ್ಟ್ ಪ್ರಧಾನಾಲಯಕ್ಕೆ ಹೋದರೆ ಯಾರೂ ಗುರುತು ಹಿಡಿಯಲಾರರು. ಹಬ್ಬದ ನೊವೇನಾ (ಒಂಬತ್ತು ದಿನದ ಪ್ರಾರ್ಥನೆ) ದಿನಗಳಲ್ಲಿ ಹೊರಗಿನ ಗುರುಗಳು ಬಂದಿರುತ್ತಾರೆ. ಮುಖ ಕಾಣದಂತೆ ಜಾಲರಿಯ ಹಿಂದೆ ಹೇಳುವ ಹಕ್ಕು 964ನೇ ವಿಧಿಯಲ್ಲೇ ಇದೆ.

ಗುಟ್ಟಿನ ಬಗ್ಗೆ: 983ರ ಪ್ರಕಾರ ಗುರುಗಳು ಮಾತಿನಿಂದಾಗಲಿ ಸನ್ನೆಯಿಂದಾಗಲಿ ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ. 984 ಇನ್ನೂ ಮುಂದೆ ಹೋಗುತ್ತದೆ. ಗುಟ್ಟು ಹೊರಬೀಳುವ ಭಯವೇ ಇಲ್ಲದಿದ್ದರೂ ಆ ತಿಳಿವಳಿಕೆಯನ್ನು ನಿಮಗೆ ತೊಂದರೆಯಾಗುವಂತೆ ಬಳಸಬಾರದು. ಕೊಂಕಣಿ, ತಮಿಳು, ಮಲಯಾಳ ಮನೆಮಾತಿನವರು ನಮ್ಮಲ್ಲಿ ಬಹಳ. ಬಾರದ ಕನ್ನಡದಲ್ಲಿ ಅರ್ಧಂಬರ್ಧ ಹೇಳುವ ಬದಲು ನಿಮ್ಮ ಮಾತು ಬಲ್ಲ ಗುರುಗಳನ್ನು ಹುಡುಕಿ. ದುಭಾಷಿ ಇಟ್ಟುಕೊಳ್ಳಲೂ 990ರಲ್ಲಿ ಅವಕಾಶವಿದೆ, ಅವರಿಗೂ ಗುಟ್ಟಿನ ಕಟ್ಟು ಇದೆ.

ಇನ್ನೊಂದು ಮಾತು ನನಗೆ ತುಂಬಾ ಮುಖ್ಯ. ಗಂಭೀರ ಪಾಪದಲ್ಲಿರುವವರು ಪರಮಪ್ರಸಾದಕ್ಕೆ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಗೆ) ಹೋಗಬಾರದು, ಆದರೂ ಜನ ಏನಂದುಕೊಂಡಾರು ಎಂದು ಸಾಲಿನಲ್ಲಿ ನಿಲ್ಲುತ್ತಾರೆ. ಹಿಂದೆ ಪ್ರಸಾದ ತೆಗೆದುಕೊಳ್ಳುವವರಿಗೆ ನಡುರಾತ್ರಿಯಿಂದ ಉಪವಾಸದ ನಿಯಮವಿದ್ದಾಗ ಕೂತೇ ಇದ್ದವರನ್ನು ನೋಡಿ ಏನೋ ತಿಂದಿರಬೇಕು ಅಂದುಕೊಂಡು ಬಿಡುತ್ತಿದ್ದರು. 1964ರಿಂದ ಒಂದೇ ಗಂಟೆಯ ಉಪವಾಸ, ಆ ಮರೆ ಹೋಯಿತು. ಈಗ ಕೂತವರ ಮೇಲೆ ಇಡೀ ಬೆಂಚಿನ ಕಣ್ಣು. ಆದ್ದರಿಂದ ಮಕ್ಕಳಿಗೆ ಪ್ರಥಮ ಪರಮಪ್ರಸಾದದ ತರಗತಿಯಲ್ಲೇ ಕಲಿಸಬೇಕು: ಯಾರು ಹೋದರು, ಯಾರು ಹೋಗಲಿಲ್ಲ ಅಂತ ನೋಡಬಾರದು, ಮನೆಯಲ್ಲಿ ಕೇಳಲೂಬಾರದು. ದೊಡ್ಡವರು ಕಾಲು ಸರಿಸಿ ದಾರಿ ಬಿಟ್ಟು ಸುಮ್ಮನೆ ಕೂತಿದ್ದರೆ ಸಾಕು.


ದಾದಿ_ಭದ್ರಾವತಿ:

"ಕುಡಿತ ಬಿಟ್ಟೆ" ಅನ್ನುವ ಸಾಕ್ಷಿಯ ಬಗ್ಗೆ ಒಂದು ಮಾತು, ಯಾಕೆಂದರೆ ಇಲ್ಲಿ ತೋರಿಕೆ ಪ್ರಾಣಕ್ಕೇ ಬರುತ್ತದೆ.

ವರ್ಷಗಟ್ಟಲೆ ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೆಲವು ಗಂಟೆಗಳಲ್ಲೇ ಕೈನಡುಕ, ಬೆವರು, ವಾಂತಿ, ನಿದ್ದೆಗೇಡು ಶುರುವಾಗುತ್ತದೆ. ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು ಮೂರನೇ ದಿನ ಕೆಲವರಿಗೆ ಭ್ರಮೆ, ಇಲ್ಲದ್ದು ಕಾಣುವುದು, ಜ್ವರ, ಗಾಬರಿ. ಚಿಕಿತ್ಸೆ ಸಿಗದಿದ್ದರೆ ಸಾವೂ ಉಂಟು. ಇದನ್ನು ದೆವ್ವ ಹಿಡಿದಿದೆ ಅಂತ ಕೈಕಾಲು ಹಿಡಿದು ಪ್ರಾರ್ಥನೆ ಮಾಡುತ್ತಾ ಕೂತರೆ ಹೊತ್ತು ಮೀರುತ್ತದೆ. ಅದೇ ವಾರ ಮೂರು ದಿನದ ಉಪವಾಸ ಪ್ರಾರ್ಥನೆಗೆ ಕೂರಿಸುವುದಂತೂ ಇನ್ನೂ ಕೆಟ್ಟದ್ದು. ಕುಡಿಯುವವರ ಮೈಯಲ್ಲಿ ಮೊದಲೇ ಥಯಾಮಿನ್ ಅಂದರೆ ಬಿ1 ಕೊರತೆ ಇರುತ್ತದೆ, ಊಟ ಬಿಟ್ಟರೆ ಅದು ಮಿದುಳಿಗೆ ಪೆಟ್ಟು ಕೊಡುತ್ತದೆ.

ಪ್ರಾರ್ಥಿಸಿ, ಜೊತೆಗೆ ಡಾಕ್ಟರ ಬಳಿ ಕರೆದುಕೊಂಡು ಹೋಗಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಇದಕ್ಕೆ ಚಿಕಿತ್ಸೆ ಇದೆ. ಅಲ್ಲಿ ನಿಜವಾದ ಲೆಕ್ಕ ಹೇಳಿ. "ಸ್ವಲ್ಪ ತಗೋತಾರೆ" ಅಂದರೆ ಔಷಧಿಯ ಅಳತೆ ತಪ್ಪುತ್ತದೆ. 180 ಮಿ.ಲೀ.ನ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ದಿನಕ್ಕೆ ಎಷ್ಟು ಕ್ವಾರ್ಟರ್, ಬೆಳಿಗ್ಗೆ ಎದ್ದ ಕೂಡಲೇ ಬೇಕೇ, ಕೊನೆಯ ಸಲ ಕುಡಿದದ್ದು ಎಷ್ಟು ಗಂಟೆಗೆ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಈ ನಾಲ್ಕನ್ನು ಹೆಂಡತಿ ಅಥವಾ ಮಕ್ಕಳು ಹೇಳಿದರೆ ಹೆಚ್ಚು ಸರಿಯಾಗಿರುತ್ತದೆ.

ಬಿಟ್ಟವರನ್ನು ಮೊದಲ ವರ್ಷ ವೇದಿಕೆ ಹತ್ತಿಸಬೇಡಿ. ಇದು ನನ್ನ ಅಭಿಪ್ರಾಯ, ಆದರೆ ಗಟ್ಟಿಯಾದ ಅಭಿಪ್ರಾಯ. ಮತ್ತೆ ಜಾರುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಎಲ್ಲರ ಮುಂದೆ ಜಯ ಸಾರಿದವರು ಜಾರಿದಾಗ ಹೇಳಲಾರರು. ಸಭೆಗೆ ಬರುವುದನ್ನು ಬಿಡುತ್ತಾರೆ, ಇಲ್ಲಾ ಏಲಕ್ಕಿ ಅಗಿದುಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ವೇದಿಕೆಯ ಬದಲು ವಾರಕ್ಕೊಮ್ಮೆ "ಈ ವಾರ ಹೇಗಿತ್ತು" ಅಂತ ಕೇಳುವ ಒಬ್ಬರು ಬೇಕು.

ಗುಟ್ಟಾಗಿ ಇಡಲೇಬಾರದ ವಿಷಯವೂ ಇದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಕಡ್ಡಾಯ, ತಿಳಿಸದಿದ್ದರೆ ಶಿಕ್ಷೆ ಇದೆ. ಸಭೆಯ ಹೆಸರು ಕೆಡುತ್ತದೆಂದು ಒಳಗೊಳಗೇ ರಾಜಿ ಮಾಡಿಸಬೇಡಿ. ಮಕ್ಕಳ ಸಹಾಯವಾಣಿ 1098. ಹೆಂಡತಿಗೆ ಹೊಡೆತವಾಗುತ್ತಿದ್ದರೆ 181, ಆ ಕ್ಷಣದ ಅಪಾಯಕ್ಕೆ 112. ಸಾಯುವ ಮಾತಾಡುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ಕನ್ನಡದಲ್ಲಿ ಮಾತಾಡುತ್ತಾರೆ. "ಯಾರಿಗೂ ಹೇಳಲ್ಲ" ಅಂತ ಮೊದಲೇ ಆಣೆ ಮಾಡಬೇಡಿ. "ಯಾರ ಪ್ರಾಣಕ್ಕೂ ಮಗುವಿಗೂ ಅಪಾಯವಿಲ್ಲದಿದ್ದರೆ ನನ್ನಲ್ಲೇ ಇರುತ್ತದೆ" ಅನ್ನಿ.


ತೀರ್ಥಹಳ್ಳಿ_ಯುವಕೂಟ:

ಎಲ್ಲರಿಗೂ ತುಂಬಾ ವಂದನೆ. ಬಾಕಿ ಮನ್ನಾದ ವಿಷಯ ಮುಂದಿನ ಸಮಿತಿಯಲ್ಲಿ ಇಡ್ತೀನಿ. ಹಿರಿಯಣ್ಣ, ಇಬ್ಬಿಬ್ಬರು ಮೂವರು ಸೇರಿ ಅರಿಕೆ ಮಾಡೋ ಕ್ರಮ ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀರಾ? ಸಭೆಗೆ ಬರೋದು ಬಿಟ್ಟ ಆ ಕುಟುಂಬದ ಹತ್ತಿರ ಹೇಗೆ ಹೋಗೋದು?


ಮಂಡಗದ್ದೆ_ಹಿರಿಯ:

ಕ್ರಮ ಹೊಸದೇನಲ್ಲ ತಮ್ಮಾ. ಹಳೆಯ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನ್ನಿನ ಮೂಲಪುರುಷ ಜಾನ್ ವೆಸ್ಲಿ 1738ರ ಡಿಸೆಂಬರ್ 25ರಂದು ಸಣ್ಣ ಕೂಟಗಳಿಗೆ ನಿಯಮ ಬರೆದರು. ವಾರಕ್ಕೊಮ್ಮೆಯಾದರೂ ಸೇರಬೇಕು, ಸಮಯಕ್ಕೆ ಸರಿಯಾಗಿ ಶುರುವಾಗಬೇಕು, ಹಾಡು ಅಥವಾ ಪ್ರಾರ್ಥನೆಯಿಂದ ಆರಂಭ, ಆಮೇಲೆ ಒಬ್ಬೊಬ್ಬರಾಗಿ ತಮ್ಮ ಆತ್ಮದ ನಿಜಸ್ಥಿತಿಯನ್ನು ಮರೆಮಾಚದೆ ಹೇಳಬೇಕು. ಪ್ರತಿ ಸಲ ಕೇಳುವ ಪ್ರಶ್ನೆಗಳು: ಹೋದ ಸಲದಿಂದ ಈಚೆಗೆ ಗೊತ್ತಿದ್ದು ಮಾಡಿದ ಪಾಪ ಯಾವುದು? ಯಾವ ಶೋಧನೆ, ಅಂದರೆ ಪಾಪದ ಕಡೆ ಎಳೆಯುವ ಸೆಳೆತ ಬಂತು? ಅದರಿಂದ ಹೇಗೆ ಪಾರಾದಿರಿ? ಪಾಪವೋ ಅಲ್ಲವೋ ಅಂತ ಅನುಮಾನವಿರುವ ಯೋಚನೆ, ಮಾತು, ಕೆಲಸ ಏನಾದರೂ ಇದೆಯೇ? ಈ ನಾಲ್ಕೇ ಸಾಕು. ನಾಲ್ಕನೆಯದು ಬಹಳ ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ನಾಚಿಕೆಯವರು ದೊಡ್ಡ ಪಾಪವನ್ನು ಮೊದಲು ಅನುಮಾನದ ರೂಪದಲ್ಲೇ ಹೊರಗೆ ತರುತ್ತಾರೆ.

ನಮ್ಮ ಕಡೆಗೆ ಸೇರಿಸಬೇಕಾದದ್ದು ಯಾರ ಜೊತೆ ಯಾರು ಅನ್ನುವುದು. ಗಂಡಸರು ಗಂಡಸರ ಜೊತೆ, ಹೆಂಗಸರು ಹೆಂಗಸರ ಜೊತೆ. ನೆಂಟರು ಬೇಡ. ಸಾಲ ಕೊಟ್ಟವರು ತಗೊಂಡವರು ಬೇಡ. ತೋಟದ ಯಜಮಾನರು ಮತ್ತು ಅವರಲ್ಲೇ ಕೂಲಿಗೆ ಹೋಗುವವರು ಖಂಡಿತ ಬೇಡ. ನಾಳೆ ಕೆಲಸ ಕೇಳಬೇಕಾದವನು ಇಂದು ನಿಜ ಹೇಳಲಾರ. ಮೂವರಾದರೆ ಮುಕ್ಕಾಲು ಗಂಟೆ. ಫೋನ್ ಪಕ್ಕದ ಕೋಣೆಯಲ್ಲಿರಲಿ. ಮನೆಯವರು ಕಾಫಿ ತರುತ್ತಾ ಒಳಗೆ ಬರುವ ಜಾಗದಲ್ಲಿ ಕೂರಬೇಡಿ, ಆರಾಧನಾಲಯದ ಹಿಂಬದಿಯ ಬೆಂಚೇ ವಾಸಿ. ಏನನ್ನೂ ಬರೆದಿಡಬೇಡಿ, ಹೆಂಡತಿಗೂ ಹೇಳಬೇಡಿ. ಮೊದಲೇ ಮೂರು ತಿಂಗಳ ಅವಧಿ ಇಟ್ಟುಕೊಂಡರೆ ಹೊಂದಿಕೆಯಾಗದವರು ಜಗಳವಿಲ್ಲದೆ ಬಿಡಬಹುದು.

ಕೂಟ ಕೆಡುವುದು ಹೆಚ್ಚಾಗಿ ಕೇಳುವವರಿಂದ. ಒಬ್ಬರು ಹೇಳಿ ಮುಗಿಸಿದ ಕೂಡಲೇ "ಅಯ್ಯೋ, ಎಲ್ಲರೂ ಮಾಡ್ತಾರೆ ಬಿಡಿ" ಅಂದರೆ ಅವರು ಕಷ್ಟಪಟ್ಟು ಹೊರಗಿಟ್ಟದ್ದನ್ನು ಮತ್ತೆ ಒಳಗೆ ತಳ್ಳಿದಂತೆ. ಉಪದೇಶಕ್ಕೆ ಇಳಿದರೂ ಅಷ್ಟೇ. ಸ್ವಲ್ಪ ಹೊತ್ತು ಸುಮ್ಮನಿದ್ದು, 1 ಯೋಹಾನ 1:9 ಓದಿ, ಅವರ ಹೆಸರು ಹಿಡಿದು ಪ್ರಾರ್ಥಿಸಿ, ಆಮೇಲೆ ಒಂದೇ ಪ್ರಶ್ನೆ ಕೇಳಿ: "ಇದನ್ನು ಸರಿಮಾಡಲು ಈ ವಾರ ಏನು ಮಾಡುತ್ತೀರಿ?" ಹಣದ ವಿಷಯವಾದರೆ ಮೊತ್ತ, ದಿನ ಹೇಳಲಿ. ಮುಂದಿನ ವಾರ ಅದರಿಂದಲೇ ಶುರುಮಾಡಿ.

ಪ್ರಾರ್ಥನಾ ವಿನಂತಿಗೆ ಒಂದು ಕಟ್ಟುನಿಟ್ಟು ಬೇಕು. ಗುಂಪಿಗೆ ಹೋಗುವ ಸಾಲನ್ನು ಕಷ್ಟದಲ್ಲಿರುವವರೇ ತಮ್ಮ ಮಾತಿನಲ್ಲಿ ಹೇಳಿಕೊಡಬೇಕು, ಅಷ್ಟನ್ನೇ ಹಾಕಬೇಕು. ಇಪ್ಪತ್ತು ಮನೆಯ ಸಭೆಯಲ್ಲಿ "ಒಂದು ಕುಟುಂಬದ ಸಾಲಕ್ಕಾಗಿ" ಅಂದರೂ ಯಾರ ಮನೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಆ ಕುಟುಂಬದ ಬಳಿಗೆ ಮೊದಲು ಹೋಗಬೇಕಾದವರು ಸಂದೇಶ ಹಾಕಿದವರು, ಜೊತೆಗೆ ಒಬ್ಬ ಹಿರಿಯರು. ಸಭಾಪಾಲಕರನ್ನೂ ಸೇರಿಸಿಕೊಂಡು ಐದಾರು ಜನ ಹೋದರೆ ಅಕ್ಕಪಕ್ಕದವರಿಗೆ ಮತ್ತೊಂದು ಸುದ್ದಿ. ಬೈಬಲ್ ಹಿಡಿದು ಪ್ರಾರ್ಥನೆಗೆ ಬಂದವರ ಹಾಗೆ ಹೋಗಬೇಡಿ. "ಪ್ರಾರ್ಥನೆಗೆ ಅಂತ ಹಾಕಿದ್ದು, ನೀವು ತಪ್ಪು ತಿಳ್ಕೊಂಡ್ರಿ" ಅನ್ನುವ ಮಾತು ಬಾಯಿಗೆ ಬರಬಾರದು. "ನಿಮ್ಮನ್ನು ಕೇಳದೆ ಹಾಕಿದೆ, ಅದು ತಪ್ಪು" ಅಂತ ಹೇಳಿ. ಯಾರ್ಯಾರಿಗೆ ಹೇಳಿದ್ದರೋ ಅವರೆಲ್ಲರ ಬಳಿಯೂ ಹೋಗಿ "ನಾನು ಹೇಳಬಾರದಿತ್ತು" ಅನ್ನಬೇಕು. ಸಭೆಗೆ ಬನ್ನಿ ಅಂತ ಮೊದಲ ಸಲ ಕರೆಯಬೇಡಿ.

ಸಾಲ ವಸೂಲಿಗೆ ಬಂದವರು ಮನೆ ಮುಂದೆ ಕೂಗಾಡುತ್ತಿದ್ದರೆ ಅದಕ್ಕೂ ದಾರಿ ಇದೆ. ಅಂಥ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಅವರು ಬಯಸಿದರೆ ಲೆಕ್ಕದ ಪುಸ್ತಕ ಬಲ್ಲ ಒಬ್ಬರು ಅವರ ಜೊತೆ ಕೂತು ಯಾವ ಸಂಘಕ್ಕೆ ವಾರಕ್ಕೆ ಎಷ್ಟು ಕಂತು ಅಂತ ಬರೆದುಕೊಡಲಿ. ಅಲ್ಲಿಯವರೆಗೆ ಬುಧವಾರದ ವಿನಂತಿ ಪಟ್ಟಿಯಿಂದ ಅವರ ಹೆಸರು ತೆಗೆದುಬಿಡಿ. ಅವರೇ ಕೇಳಿದಾಗ ಸೇರಿಸಿದರಾಯಿತು.